ದುಬೈ ಬಿಟ್ಟು ಜರ್ಮನಿಗೆ: ಬಾಡಿಗೆ ಮನೆ ವಿಷಯದಲ್ಲಿ ಏನೇನು ಬದಲಾಗುತ್ತೆ?

ಕಡಲಕರೆ:
ನವೆಂಬರ್‌ನಲ್ಲಿ ಸಂಸಾರ ಸಮೇತ ದುಬೈನಿಂದ ಸ್ಟುಟ್‌ಗಾರ್ಟ್‌ಗೆ ಹೋಗ್ತಿದ್ದೇವೆ. ಇಲ್ಲಿಯ ಬಾಡಿಗೆ ವ್ಯವಹಾರ ಗೊತ್ತು: ವರ್ಷದ ಬಾಡಿಗೆಗೆ ನಾಲ್ಕು ಪೋಸ್ಟ್ ಡೇಟೆಡ್ ಚೆಕ್, ಶೇ. 5 ಡಿಪಾಸಿಟ್, ಬ್ರೋಕರಿಗೆ ಇನ್ನೊಂದು ಶೇ. 5, ಆಮೇಲೆ ಇಜಾರಿ (ಬಾಡಿಗೆ ಕರಾರಿನ ಸರ್ಕಾರಿ ನೋಂದಣಿ), ದೇವಾ (DEWA, ಕರೆಂಟು-ನೀರು) ಕನೆಕ್ಷನ್. ಅಲ್ಲಿಯದು ತಲೆಬುಡ ಗೊತ್ತಿಲ್ಲ. ಕೈಯಲ್ಲಿ ಎಷ್ಟು ದುಡ್ಡಿರಬೇಕು? ಕುಕ್ಕರ್, ಮಿಕ್ಸಿ ತರಬಹುದಾ? ಹೊಸಬರು ಎಲ್ಲಿ ಎಡವುತ್ತಾರೆ? ಎರಡೂ ಕಡೆ ಇದ್ದವರು ದಯವಿಟ್ಟು ಹೇಳಿ.

ಹಳೇ ಬಾಡಿಗೆದಾರ:
ಚೆಕ್‌ಬುಕ್ ಮರೆತುಬಿಡಿ. ಬಾಡಿಗೆ ತಿಂಗಳು ತಿಂಗಳು ಬ್ಯಾಂಕಿನಿಂದ ಹೋಗುತ್ತೆ. ಜಾಹೀರಾತಿನಲ್ಲಿ ಎರಡು ಮೊತ್ತ ಇರುತ್ತೆ. ‘ಕಾಲ್ಟ್‌ಮೀಟೆ’ ಬರೀ ಮನೆಯದು, ‘ವಾರ್ಮ್‌ಮೀಟೆ’ಯಲ್ಲಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು ಸೇರಿರುತ್ತೆ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಎರಡರಲ್ಲೂ ಇರಲ್ಲ. ಅದರ ಮೇಲೆ ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕ. ಟಿವಿ ಇಲ್ಲ ಅಂದರೂ ಬಿಡಲ್ಲ.

ಅಡ್ವಾನ್ಸ್ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ, ಕಾನೂನೇ ಹಾಗಿದೆ. ಅದನ್ನೂ ಮೂರು ಕಂತಿನಲ್ಲಿ ಕಟ್ಟೋಕೆ ನಿಮಗೆ ಹಕ್ಕಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಹಗುರ. 2015ರಿಂದ ಬ್ರೋಕರನ್ನು ಯಾರು ಗೊತ್ತು ಮಾಡಿದರೋ ಅವರೇ ಕಮಿಷನ್ ಕೊಡಬೇಕು, ಅಂದರೆ ಬಹುತೇಕ ಮಾಲೀಕರೇ. ದುಬೈನಲ್ಲಿ ‘ಒಂದೇ ಚೆಕ್ ಕೊಡ್ತೀನಿ’ ಅಂದರೆ ಬಾಡಿಗೆ ಇಳಿಸ್ತಾರಲ್ಲ, ಆ ಚೌಕಾಸಿ ಇಲ್ಲಿ ನಡೆಯಲ್ಲ. ಕೆಲಸದ ಕರಾರು, ಸಂಬಳದ ಚೀಟಿ, ಇವನ್ನೇ ನೋಡೋದು. ಮನೆ ನೋಡುವ ಮೊದಲೇ ದುಡ್ಡು ಕಳಿಸಿ ಅಂದವರು ಮೋಸಗಾರರು, ಅಷ್ಟೇ.

ಹೊಸಬರು ಎಡವುವುದು ಅಂಚೆ ಪೆಟ್ಟಿಗೆಯಲ್ಲಿ. ದುಬೈನಲ್ಲಿ ಕಾಗದ ಪತ್ರ ಕಂಪನಿಯ ಪಿ.ಒ. ಬಾಕ್ಸ್‌ಗೆ ಬರುತ್ತೆ, ಫ್ಲಾಟ್ ನಂಬರ್ ಹೇಳಿದರೆ ಡೆಲಿವರಿಯವನು ಬಾಗಿಲಿಗೇ ಬರ್ತಾನೆ. ಇಲ್ಲಿ ಅನೇಕ ಕಟ್ಟಡಗಳಲ್ಲಿ ಫ್ಲಾಟ್ ನಂಬರೇ ಇರಲ್ಲ, ಅಂಚೆಯವರು ಹೆಸರು ನೋಡಿ ಹಾಕ್ತಾರೆ. ಬೀಗದ ಕೈ ಸಿಕ್ಕ ದಿನವೇ ಪೆಟ್ಟಿಗೆ ಮೇಲೂ ಕರೆಗಂಟೆ ಮೇಲೂ ಹೆಸರು ಅಂಟಿಸಿ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಬೇರೆ ಸರ್‌ನೇಮ್ ಇದ್ದರೆ ಎರಡನ್ನೂ ಬರೆಯಿರಿ. ಬ್ಯಾಂಕಿನ ಪಿನ್, ಇನ್ಶೂರೆನ್ಸ್ ಕಾರ್ಡ್, ಟ್ಯಾಕ್ಸ್ ನಂಬರ್ ಎಲ್ಲ ಕಾಗದದಲ್ಲೇ ಬರೋದು, ಹೆಸರಿಲ್ಲದಿದ್ದರೆ ವಾಪಸ್. ಟ್ಯಾಕ್ಸ್ ನಂಬರ್ ಕೈಗೆ ಸಿಗದೆ ತಿಂಗಳುಗಳು ಕಳೆದರೆ ಆರನೇ ಟ್ಯಾಕ್ಸ್ ಕ್ಲಾಸ್ ಲೆಕ್ಕದಲ್ಲಿ ಸಂಬಳದಿಂದ ತೆರಿಗೆ ಮುರಿಯಬಹುದು, ಅದು ಬಲು ದುಬಾರಿ.

ವಿಳಾಸ ನೋಂದಣಿ (‘ಅನ್‌ಮೆಲ್ಡುಂಗ್’) ಮನೆ ಸೇರಿದ ಎರಡು ವಾರದೊಳಗೆ ಆಗಬೇಕು. ಅದಕ್ಕೆ ಬಾಡಿಗೆ ಕರಾರು ಸಾಲದು, ‘ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ’ ಅಂತ ಮಾಲೀಕರು ಸಹಿ ಹಾಕಿದ ಬೇರೆ ಚೀಟಿ ಬೇಕು. ಬೀಗದ ಕೈ ತಗೊಳ್ಳುವಾಗಲೇ ಕೇಳಿ ಇಸ್ಕೊಳ್ಳಿ.

ಕಾಳುಮೆಣಸು:
ಅಡುಗೆಮನೆ ಬಗ್ಗೆ ನಾನು ಹೇಳ್ತೀನಿ. ಕೆಲವು ಮನೆಗಳಲ್ಲಿ ಅಡುಗೆಮನೆ ಅಂದರೆ ಒಂದು ನಲ್ಲಿ ಪೈಪು, ಒಂದು ಗೋಡೆ, ಅಷ್ಟೇ. ಸಿಂಕು, ಒಲೆ, ಕಪಾಟು ಹಿಂದಿನವರು ಕಿತ್ತುಕೊಂಡು ಹೋಗಿರ್ತಾರೆ. ಬಲ್ಬೂ ಇರಲ್ಲ, ಸೂರಿನಿಂದ ವೈರು ನೇತಾಡ್ತಿರುತ್ತೆ. ಜಾಹೀರಾತಿನಲ್ಲಿ ‘ಐನ್‌ಬೌಕ್ಯುಷೆ’ ಇದೆಯಾ ನೋಡಿ, ಇದ್ದರೆ ಅಡುಗೆಮನೆ ಜೋಡಿಸಿದ್ದು ಅಂತ. ಕರೆಂಟ್ ಒಲೆಯನ್ನು ನೀವೇ ಜೋಡಿಸೋಕೆ ಹೋಗಬೇಡಿ, ಅದು ಮೂರು ಫೇಸಿನ ಲೈನು, ಎಲೆಕ್ಟ್ರಿಷಿಯನ್ ಬೇಕು.

ಕುಕ್ಕರ್ ತಳಕ್ಕೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಇಂಡಕ್ಷನ್ನಿಗೂ ಆಗುತ್ತೆ. ಸಾದಾ ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ನಿನಲ್ಲಿ ಕಾಯೋದೇ ಇಲ್ಲ. ಮಾಮೂಲಿ ಗಾಜಿನ ಒಲೆಯಲ್ಲಿ ನಡೆಯುತ್ತೆ, ತಳ ಸಪಾಟಾಗಿರಬೇಕು. ಮಿಕ್ಸಿ ತನ್ನಿ, ಇಲ್ಲೂ 230 ವೋಲ್ಟ್, 50 ಹರ್ಟ್ಸ್. ಅರ್ತ್ ಇರುವ ಅಡಾಪ್ಟರ್ ಬೇಕು. ಕಬ್ಬಿಣದ ಕಾವಲಿ ತಂದರೆ ಗಾಜಿನ ಮೇಲೆ ಎಳೆದಾಡಬೇಡಿ, ಗೀರು ಬೀಳುತ್ತೆ.

ಬಿಸಿಲುಮಚ್ಚು:
ಮೇಲಿನವರು ಬಿಟ್ಟಿದ್ದು ಬೂಷ್ಟು. ದುಬೈ ಅಭ್ಯಾಸ ಕೈ ಕೊಡುವುದು ಇಲ್ಲೇ. ಅಲ್ಲಿ ಕಿಟಕಿ ಮುಚ್ಚಿ ಏಸಿ ಹಾಕಿದರೆ ಅದೇ ಗಾಳಿಯ ತೇವ ಹಿಂಡಿ ಪೈಪಿನಿಂದ ಹೊರಗೆ ಬಿಡುತ್ತೆ. ಇಲ್ಲಿ ಹೀಟರ್ ಗಾಳಿ ಬಿಸಿ ಮಾಡುತ್ತೆ, ತೇವ ಒಳಗೇ ಉಳಿಯುತ್ತೆ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರು ಹಿಡಿಯಬಲ್ಲದು, ಸೊನ್ನೆ ಡಿಗ್ರಿಯದು ಐದು ಗ್ರಾಂ ಅಷ್ಟೇ. ತಣ್ಣಗಿನ ಹೊರಗೋಡೆ ತಾಗಿದ ಕೂಡಲೇ ತೇವ ಅಲ್ಲೇ ಇಳಿಯುತ್ತೆ, ಬೀರುವಿನ ಹಿಂದೆ, ಮಂಚದ ತಲೆಕಡೆ, ಮೂಲೆಯಲ್ಲಿ ಕಪ್ಪು ಚುಕ್ಕೆ ಏಳುತ್ತೆ. ಆಮೇಲೆ ತಪ್ಪು ಯಾರದು ಅಂತ ಮಾಲೀಕರ ಜೊತೆ ಜಗಳ, ಡಿಪಾಸಿಟ್‌ಗೆ ಕತ್ತರಿ.

ಕಡಲಕರೆ:
ಕಿಟಕಿಯ ಮೇಲಂಚು ಸ್ವಲ್ಪ ವಾಲಿಸಿ ದಿನವಿಡೀ ಬಿಟ್ಟರೆ ಸಾಲದಾ?

ಬಿಸಿಲುಮಚ್ಚು:
ಅದೇ ಹೆಚ್ಚು ಕೆಡಿಸೋದು. ಗಾಳಿ ನಿಧಾನ ಬದಲಾಗುತ್ತೆ, ಅಷ್ಟರಲ್ಲಿ ಕಿಟಕಿ ಸುತ್ತಲಿನ ಗೋಡೆ ತಣ್ಣಗಾಗಿ ಬೂಷ್ಟು ಅಲ್ಲೇ ಶುರುವಾಗುತ್ತೆ. ಹೀಟರ್ ಬಂದ್ ಮಾಡಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆಗೆದು ಐದರಿಂದ ಹತ್ತು ನಿಮಿಷ ಬಿಡಿ, ಮತ್ತೆ ಮುಚ್ಚಿ. ದಿನಕ್ಕೆ ಎರಡು ಮೂರು ಸಲ, ಜೊತೆಗೆ ಸ್ನಾನ ಆದಮೇಲೆ, ಕುಕ್ಕರ್ ಕೂಗಿದ ಮೇಲೆ. ಒಲೆ ಮೇಲಿನ ಚಿಮಣಿ ನಂಬಬೇಡಿ, ಬಹಳ ಮನೆಗಳಲ್ಲಿ ಅದು ಜಿಡ್ಡನ್ನಷ್ಟೇ ಸೋಸಿ ಅದೇ ಗಾಳಿಯನ್ನು ಒಳಗೇ ವಾಪಸ್ ಬಿಡುತ್ತೆ. ಕೋಣೆಯೊಳಗೆ ಐದು ಕೆಜಿ ಬಟ್ಟೆ ಒಣಹಾಕಿದರೆ ಎರಡು ಲೀಟರ್ ಆಸುಪಾಸು ನೀರು ಗಾಳಿಗೆ ಸೇರುತ್ತೆ. ಬೀರು ಹೊರಗೋಡೆಯಿಂದ ಐದರಿಂದ ಹತ್ತು ಸೆಂಟಿಮೀಟರ್ ದೂರ ಇಡಿ. ತೇವ ತೋರಿಸುವ ಮೀಟರ್ ಅಗ್ಗಕ್ಕೆ ಸಿಗುತ್ತೆ, ಶೇ. 40ರಿಂದ 60ರೊಳಗೆ ಇದ್ದರೆ ಚಿಂತೆ ಇಲ್ಲ.

ಕಾಳುಮೆಣಸು:
ಕಸದ ಬಗ್ಗೆ ಒಂದು ಮಾತು. ದುಬೈ ಫ್ಲಾಟಿನ ಹಾಗೆ ಎಲ್ಲ ಒಂದೇ ಚೀಲಕ್ಕೆ ಕಟ್ಟಿ ಚ್ಯೂಟಿಗೆ ಎಸೆಯೋಕೆ ಆಗಲ್ಲ. ಕಾಗದ, ಪ್ಯಾಕಿಂಗ್, ಹಸಿ ಕಸ, ಉಳಿದದ್ದು ಬೇರೆ ಬೇರೆ. ಗಾಜಿನ ಬಾಟಲಿ-ಜಾಡಿ ಬಣ್ಣ ನೋಡಿ ಬೀದಿಯ ಡಬ್ಬಿಗೆ ಹಾಕಬೇಕು, ಭಾನುವಾರ ಹಾಕುವಂತಿಲ್ಲ, ಸದ್ದಾಗುತ್ತೆ. ಒಡೆದ ಕುಡಿಯುವ ಲೋಟ ಅದಕ್ಕಲ್ಲ, ಕರಗುವ ಶಾಖ ಬೇರೆ, ಉಳಿದ ಕಸಕ್ಕೇ ಹಾಕಿ. ಪ್ಲಾಸ್ಟಿಕ್ ಬಾಟಲಿ ಜಜ್ಜಬೇಡಿ, ಅಂಗಡಿಯ ಮೆಷಿನ್‌ಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತೆ, ಗುರುತು ಕಾಣದಿದ್ದರೆ ಮೆಷಿನ್ ತಗೊಳ್ಳಲ್ಲ.

ಹಳೇ ಬಾಡಿಗೆದಾರ:
ಮನೆ ಬಿಡುವಾಗ ಮೂರು ತಿಂಗಳ ನೋಟಿಸ್. ವಾಟ್ಸಾಪ್, ಇಮೇಲ್ ಲೆಕ್ಕಕ್ಕಿಲ್ಲ, ಸಹಿ ಹಾಕಿದ ಕಾಗದ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈಗೆ ಸೇರಬೇಕು. ಒಂದು ದಿನ ತಡವಾದರೂ ಇನ್ನೊಂದು ತಿಂಗಳ ಬಾಡಿಗೆ ಕಟ್ಟಬೇಕಾಗುತ್ತೆ.