ಘಟ್ಟ ಮುಂದಕ್ಕೆ ನುಗ್ಗುತ್ತದೆ, ಜನ ಅಂಟಿಸಿದ ಹಾಗಿದ್ದಾರೆ

ಹೊಸಬ, ಮಣಿಪಾಲ: ಇಲ್ಲಿನ ಎತ್ತರದ ಜಾಗ ಎಂಡ್ ಪಾಯಿಂಟ್‌ನಿಂದ ಕಾಣುವ ಸ್ವರ್ಣಾ ಹೊಳೆ, ಹಿಂದೆ ಘಟ್ಟ, ಕೆಳಗೆ ದೋಣಿಯಲ್ಲಿ ಇಬ್ಬರು. ವಾಟರ್‌ಕಲರ್. ಚಿತ್ರದಲ್ಲಿ ದೂರವೇ ಬರ್ತಾ ಇಲ್ಲ. ಈ ತೊಂದರೆ ದಾಟಿದವರು ಇದ್ದೀರಾ?

ಮಲ್ಪೆ ಅಕ್ಕ: ಮಲ್ಪೆ ಬೀಚಿನ ಒಂದೇ ಚಿತ್ರಕ್ಕೆ ಆರು ಹಾಳೆ ಹಾಳು ಮಾಡಿದವಳು ನಾನು. 300 ಜಿಎಸ್‌ಎಂನ ದಪ್ಪ ಹತ್ತಿ ಕಾಗದ, ಹಾಳೆಗೆ 420. ಒಟ್ಟು 2,520 ರೂಪಾಯಿ! ಎರಡಕ್ಕೆ ಜುಲೈಯಲ್ಲಿ ಬೂಷ್ಟು ಹಿಡಿದಿತ್ತು, ಬಣ್ಣ ಹಾಕಿದರೆ ಚುಕ್ಕೆ ಚುಕ್ಕೆಯಾಗಿ ಹೀರಿಕೊಂಡಿತು. ಉಳಿದ ನಾಲ್ಕು ನನ್ನದೇ ತಪ್ಪು. ದೂರದ ಮೀನುಗಾರನಿಗೂ ಕಪ್ಪು ಬಳಿದಿದ್ದೆ. ಈಗ ಹತ್ತಿರದವನಿಗೆ ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಅಂದರೆ ಕೆಂಗಂದು, ಎರಡೂ ಕಲಸಿ ದಪ್ಪಗೆ. ದೂರದವನಿಗೆ ಅದೇ ಮಿಶ್ರಣ, ನೀರು ಜಾಸ್ತಿ, ನೀಲಿ ಸ್ವಲ್ಪ ಮುಂದು. ಕಣ್ಣು ಮೂಗು ಬೇಡ. ತಲೆಗಳೆಲ್ಲ ದಿಗಂತದ ಗೆರೆಗೆ ಬರಲಿ.

ಆಯಿಲ್ ರಾಯರು, ಮಂಗಳೂರು: ಅಕ್ಕ, ಅದು ಬೀಚಿನಲ್ಲಿ ನಿಂತರೆ ಸರಿ. ಎಂಡ್ ಪಾಯಿಂಟ್ ಎತ್ತರ ಅಲ್ವಾ? ದೋಣಿಯವರ ತಲೆ ದಿಗಂತಕ್ಕೆ ತಾಗಿದರೆ ಅವರು ತೆಂಗಿನ ಮರಕ್ಕಿಂತ ಎತ್ತರದ ರಾಕ್ಷಸರಾಗುತ್ತಾರೆ. ನಾನು ಆಯಿಲ್ ಬಣ್ಣಕ್ಕೆ ಬಂದು ಬಚಾವಾದೆ. ಜೂನ್‌ನಲ್ಲಿ ಶುರು ಮಾಡಿದ ಘಟ್ಟ ಚೌತಿಗೂ ಬೆರಳಿಗೆ ಅಂಟುತ್ತಿತ್ತು, ನಿಜ. ರಾತ್ರಿಯಿಡೀ ಫ್ಯಾನ್, ಕರೆಂಟ್ ಬಿಲ್ 640 ಜಾಸ್ತಿ, ಮನೆಯವಳ ಬೈಗುಳ ಬೇರೆ. ಆದರೆ ಗುಡ್ಡದ ಅಂಚನ್ನು ಒಣ ಬ್ರಶ್‌ನಲ್ಲಿ ತೀಡಿ ಮೆತ್ತಗೆ ಮಾಡುವ ಸುಖ ನೀರಿನ ಬಣ್ಣದವರಿಗೆ ಇಲ್ಲ.

ಮಲ್ಪೆ ಅಕ್ಕ: ಯಾಕಿಲ್ಲ? ಹಾಳೆ ಒದ್ದೆ ಇರುವಾಗಲೇ ಗುಡ್ಡ ಹಾಕಿದರೆ ಅಂಚು ತಾನೇ ಕರಗುತ್ತದೆ. ಚೌತಿವರೆಗೆ ಕಾಯಬೇಕಂತ ಇಲ್ಲ ಮಾರಾಯ್ರೆ.

ಕಾರ್ಕಳದ ಹುಡುಗ: ಇಬ್ಬರೂ ಘಟ್ಟ ನೋಡಿದ್ದು ಯಾವಾಗ? ಮಳೆ ಬಿಟ್ಟ ಮರುದಿನ ಕುದುರೆಮುಖದ ಸಾಲಿನ ಮಡಿಕೆಗಳೂ ಕಾಣುತ್ತವೆ. ಮಾರ್ಚಿನ ಮಧ್ಯಾಹ್ನ ಅದೇ ಸಾಲು ಆಕಾಶದೊಳಗೆ ಮಾಯ. ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ, ಅದರಲ್ಲೂ ನೀಲಿಯನ್ನು ಜಾಸ್ತಿ. ಅದಕ್ಕೇ ಗುಡ್ಡ ನೀಲಿ. ನಾನು ಎರಡು ಫೋಟೋ ಸೇರಿಸಿ ಒಂದು ಚಿತ್ರ ಬಿಡಿಸಿದೆ. ಮಾರ್ಚಿನ ಮಬ್ಬು ಘಟ್ಟ, ಅಕ್ಟೋಬರಿನ ಬಿಸಿಲಿನ ಜನ. ಸ್ಪರ್ಧೆಯಲ್ಲಿ ತೀರ್ಪುಗಾರರು "ಇವರೆಲ್ಲ ಬೇರೆ ಊರಿನವರಾ?" ಅಂದರು. ಫ್ರೇಮಿಗೆ 1,150 ಸುರಿದಿದ್ದೆ, ಈಗ ಮಂಚದ ಕೆಳಗೆ ಉಂಟು.

ಆಯಿಲ್ ರಾಯರು: ಫೋಟೋ ನೋಡಿ ಬಿಡಿಸುವವರ ಹತ್ತಿರ ಎಂತ ಮಾತಾಡುವುದು.

ಕಾರ್ಕಳದ ಹುಡುಗ: ದಿನಾ ಕಾರಿನಲ್ಲಿ ಹೋಗಿ ಕೂತುಕೊಳ್ಳಲಿಕ್ಕೆ ನನಗೆ ಪೆನ್ಶನ್ ಇಲ್ಲ ಸರ್.

ಮಲ್ಪೆ ಅಕ್ಕ: 1,150ಕ್ಕೆ ಗಾಜು ಸೇರಿತ್ತಾ? ಫ್ರೇಮಿನವ ನನ್ನ ಹತ್ತಿರ 1,400 ಕಿತ್ತುಕೊಂಡ, ಅದೂ ಮೌಂಟ್, ಅಂದರೆ ಚಿತ್ರದ ಸುತ್ತ ಹಾಕುವ ರಟ್ಟಿನ ಅಂಚು, ಇಲ್ಲದೆ.

ಹೊಸಬ: ಹಾಗಾದರೆ ದೋಣಿಯವರ ತಲೆ ದಿಗಂತದ ಗೆರೆಗಿಂತ ಕೆಳಗೇ ಅಲ್ವಾ?

ಆಯಿಲ್ ರಾಯರು: ಮೌಂಟ್ ಇಲ್ಲದೆ 1,400? ಯಾವ ರಸ್ತೆಯಲ್ಲಿ ಅಕ್ಕ?