ಡಿಸ್ಕ್ ಗಾಲ್ಫ್ ಕೋರ್ಸ್‌ಗೆ ಸ್ಟಾರ್ ಕೊಡೋದು ಹೇಗೆ? ಕೋರ್ಸ್ ಡಿಸೈನರ್‌ಗೆ ಕೇಳಿ

ಜಯನಗರ: ಸರ್, ಕಷ್ಟದ ಕೋರ್ಸ್‌ಗೆ ಜಾಸ್ತಿ ಸ್ಟಾರ್ ಅಲ್ವಾ?

ಡಿಸೈನರ್: ಕಷ್ಟ ಯಾರಿಗೆ? ಪಿಡಿಜಿಎ (ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ) ಲೆಕ್ಕದಲ್ಲಿ 1000 ರೇಟಿಂಗ್ ಇದ್ದವರು ಸ್ಕ್ರಾಚ್, ಅಂದರೆ ತುಂಬಾ ಪಳಗಿದ ಆಟಗಾರರು. ಅವರ ಟೀ, ಅಂದರೆ ಎಸೆತ ಶುರುಮಾಡುವ ಜಾಗ, ಹೊಸಬರಿಗೆ ಆಗುವುದಿಲ್ಲ. ಒಂದೇ ಹೋಲ್‌ಗೆ (ಟೀಯಿಂದ ಡಿಸ್ಕ್ ಎಸೆದು ಬೀಳಿಸಬೇಕಾದ ಬಾಸ್ಕೆಟ್‌ವರೆಗಿನ ದಾರಿಗೆ) ಎರಡು ಟೀ ಇಟ್ಟವರಿಗೆ ನಾನು ಜಾಸ್ತಿ ಕೊಡುತ್ತೇನೆ.

ವೈಟ್‌ಫೀಲ್ಡ್: ನಮ್ಮ ಲೇಔಟ್ ಪಾರ್ಕ್‌ನಲ್ಲಿ ಎರಡನೇ ಹೋಲ್ 70 ಮೀಟರ್. ಎಡಗಡೆ ವಾಕಿಂಗ್ ಪಾತ್, ನಡುವೆ ಬಿದಿರು ಮೆಳೆ. ಪಾತ್ ಕಾಣಿಸಲ್ಲ, ಅದೇ ಥ್ರಿಲ್. ನಾಲ್ಕೂವರೆ ಸ್ಟಾರ್ ಕೊಟ್ಟಿದ್ದೀವಿ, ಸರಿನಾ?

ಡಿಸೈನರ್: ಇದನ್ನು ಓದಿ ನನಗೆ ಭಯವಾಯಿತು. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು, ಎಸೆದರೆ ವೇಗ ಇಳಿದ ಮೇಲೆ ಡಿಸ್ಕ್ ಎಡಕ್ಕೆ ವಾಲುತ್ತದೆ, ಕೈಯಿಂದ ಬೇಗ ಜಾರಿದರೂ ಎಡಕ್ಕೇ ಹೋಗುತ್ತದೆ, ಅಂದರೆ ನಿಮ್ಮಲ್ಲಿ ಹೆಚ್ಚಿನವರ ತಪ್ಪೆಲ್ಲ ಪಾತ್ ಮೇಲೇ ಬೀಳುತ್ತದೆ. ಟೀ, ಬಾಸ್ಕೆಟ್ ಅದಲು ಬದಲು ಮಾಡಿದರೆ ಪಾತ್ ಬಲಕ್ಕೆ ಬರುತ್ತದೆ ನಿಜ, ಆದರೆ ಎಡಗೈಯವರ ಡಿಸ್ಕ್ ಮತ್ತು ತಡವಾಗಿ ಕೈಬಿಡುವ ಹೊಸಬರ ಡಿಸ್ಕ್ ಆ ಕಡೆಗೇ ಹೋಗುತ್ತವೆ. ಹಾಗಾಗಿ ಹೋಲನ್ನೇ ಪಾತ್‌ನಿಂದ ದೂರಕ್ಕೆ ತಿರುಗಿಸಿ. ಯಾರಿಗೂ ಪೆಟ್ಟಾಗುವುದಿಲ್ಲ ಎಂದು ಖಾತ್ರಿಯಾಗುವ ತನಕ ಎಸೆಯಬಾರದು ಎಂದು ಪಿಡಿಜಿಎ ನಿಯಮವೇ ಇದೆ. ಪಾತ್ ಕಾಣದಿದ್ದರೆ ಖಾತ್ರಿ ಎಲ್ಲಿಂದ ಬರಬೇಕು? ಮರ, ಏರು, ಸಣ್ಣ ಸಂದು ಇವು ಕಷ್ಟ. ದಾರಿಹೋಕರ ತಲೆ ಕಷ್ಟದ ಲೆಕ್ಕಕ್ಕೆ ಬರಲ್ಲ. ಸುರಕ್ಷತೆಯನ್ನು ಬೇರೆ ಅಂಕಗಳ ಜೊತೆ ಸೇರಿಸಿ ಸರಾಸರಿ ತೆಗೆಯಬೇಡಿ. ಅದರಲ್ಲಿ ಫೇಲ್ ಆದರೆ ಸ್ಟಾರೇ ಬೇಡ.

ಬಸವನಗುಡಿ: ಫಾರ್ವರ್ಡ್ ಬಂದಿದೆ: "ಸ್ವಂತ ಜವಾಬ್ದಾರಿ ಅಂತ ಬೋರ್ಡ್ ಹಾಕಿದರೆ ಸಾಕು."

ಡಿಸೈನರ್: ಬೋರ್ಡ್ ಡಿಸ್ಕನ್ನು ತಡೆಯಲ್ಲ. ಪಾತ್‌ನಲ್ಲಿ ಆಡುವ ಮಗು ಅದನ್ನು ಓದಲ್ಲ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಯಲಹಂಕ: ಮಳೆಯಲ್ಲಿ ಟೀ ಜಾರುತ್ತೆ, ಅದಕ್ಕೂ ಅಂಕ ಕಡಿಮೆ ಮಾಡಬೇಕಾ ಸರ್?

ರಾಜಾಜಿನಗರ: ಎಲ್ಲಾ ಸೇಫ್ ಮಾಡಿದ್ರೆ ಮಜಾ ಎಲ್ಲಿ? ಫ್ರಿಸ್ಬಿ ತಾನೇ, ಕಲ್ಲಲ್ವಲ್ಲ.

ಮಲ್ಲೇಶ್ವರ: ನಿಮ್ಮ ಮಜಾಗೆ ನಮ್ಮಪ್ಪನ ತಲೆ ಬೇಕಾ? ಅವರು ದಿನಾ ಪಾರ್ಕ್‌ನಲ್ಲಿ ನಡೀತಾರೆ.

ರಾಜಾಜಿನಗರ: ಆಟ ನಡೆಯುವಾಗ ಆ ಕಡೆ ಯಾಕೆ ಬರ್ತಾರೆ?

ಮಲ್ಲೇಶ್ವರ: ಪಾರ್ಕ್ ನಿಮ್ಮ ಮನೆ ಹಿತ್ತಲಲ್ಲ ರೀ.

ಡಿಸೈನರ್: ರಾಜಾಜಿನಗರದವರೇ, ದೂರ ಎಸೆಯುವ ಡ್ರೈವರ್ ಡಿಸ್ಕ್ ಸುಮಾರು 170 ಗ್ರಾಂ ಇರುತ್ತದೆ. ಗಟ್ಟಿ ಪ್ಲಾಸ್ಟಿಕ್, ತೆಳು ಅಂಚು. ಮಕ್ಕಳ ಫ್ರಿಸ್ಬಿ ಅಲ್ಲ. ಒಂದು ಸಲ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಮಾತಾಡಿ.

ಹೆಬ್ಬಾಳ: ಸರ್, ಕಷ್ಟ ಇದ್ದರೆ ಸ್ಟಾರ್ ಜಾಸ್ತಿ ತಾನೇ?

ಡಿಸೈನರ್: ಮೇಲೆ ಬರೆದಿದ್ದೇನೆ. ಓದಿ.

ಯಲಹಂಕ: ಸರ್, ನನ್ನ ಪ್ರಶ್ನೆ?

ವೈಟ್‌ಫೀಲ್ಡ್: ಬಾಸ್ಕೆಟ್ ಕಿತ್ತರೆ ಅಸೋಸಿಯೇಷನ್‌ನವರು ಮತ್ತೆ ಹಾಕೋಕೆ ಬಿಡಲ್ಲ ಸರ್.

ಡಿಸೈನರ್: ಹಾಗಾದರೆ ಟೀ ಜಾಗ ಬದಲಿಸಿ. ಪಾತ್‌ಗೆ ಬೆನ್ನು ಮಾಡಿ ಎಸೆಯುವ ಹಾಗಿರಲಿ. ಅಲ್ಲಿಯವರೆಗೆ ಎರಡನೇ ಹೋಲ್ ಆಡಬೇಡಿ, ಇವತ್ತು ಸಂಜೆಯೂ ಬೇಡ.