ಮುತ್ತಿನ ಓಲೆಯ ಹುಡುಗಿಗೆ ಮೂಗು ಕೂರುತ್ತಿಲ್ಲ

ಪ್ರಶ್ನೆ: ಕೊಪ್ಪಳದ ಬೋರ್ಡ್ ಪೇಂಟರ್

ಇಪ್ಪತ್ತೆಂಟು ವರ್ಷ ಅಂಗಡಿ ಬೋರ್ಡು, ಗೋಡೆ, ಲಾರಿಯ ಹಿಂಬದಿ ಬರೆದು ಹೊಟ್ಟೆ ಹೊರೆದವನು ನಾನು. ಗವಿಮಠದ ಜಾತ್ರೆ ಹತ್ತಿರವಾದರೆ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ಫ್ಲೆಕ್ಸ್ ಬಂದಮೇಲೆ ನಿದ್ದೆಗೇನೂ ಬರವಿಲ್ಲ. ಈಗ ತೈಲವರ್ಣದಲ್ಲಿ ಮುಖ ಬರೆಯುವುದನ್ನು ಕಲಿಯಬೇಕೆಂದು ಹೊರಟಿದ್ದೇನೆ. ಡಚ್ ಚಿತ್ರಕಾರ ವರ್ಮೀರ್ 1665ರ ಸುಮಾರಿಗೆ ಬರೆದ ಮುತ್ತಿನ ಓಲೆಯ ಹುಡುಗಿಯ ಚಿತ್ರವನ್ನು ಮಗಳು ಪ್ರಿಂಟ್ ಹಾಕಿಸಿ ಕೊಟ್ಟಳು. ಮೂಲ ಚಿತ್ರ 44.5 × 39 ಸೆಂ.ಮೀ. ಇದೆಯಂತೆ, ನಾನೂ ಅದೇ ಅಳತೆ ಹಿಡಿದೆ.

ಚೌಕಳಿ ಹಾಕಿ ಎತ್ತಿಕೊಳ್ಳುವುದು ನನಗೆ ನೀರು ಕುಡಿದಷ್ಟು ಸಲೀಸು. ಕಣ್ಣು, ತುಟಿ ಜಾಗಕ್ಕೆ ಬಂದವು. ಮೂಗು ಮಾತ್ರ ಮೂರು ಸಲ ಅಳಿಸಿದರೂ ಅಂಟಿಸಿದ ಹಾಗೇ ಕಾಣುತ್ತದೆ. ಮೈಬಣ್ಣಕ್ಕೆ ಬಿಳಿ, ಹಳದಿ, ಸ್ವಲ್ಪ ಕೆಂಪು ಬೆರೆಸಿದೆ. ಹೆಂಡತಿ ನೋಡಿ, "ಪಾಪ, ಇವಳಿಗೆ ಕಾಮಾಲೆಯೇ?" ಎಂದಳು. ಬರೆದದ್ದರ ಫೋಟೊ ಹಾಕಿದ್ದೇನೆ, ತಪ್ಪು ಎಲ್ಲಿದೆ?

ಉತ್ತರ: ಬಳ್ಳಾರಿಯ ಚಿತ್ರಕಲಾ ಶಿಕ್ಷಕಿ

ಅಣ್ಣ, ಫೋಟೊ ನೋಡಿದೆ. ತಪ್ಪು ಮೂಗಿನದಲ್ಲ, ಬೋರ್ಡು ಬರೆದ ಕೈಯದು. ಅಕ್ಷರಕ್ಕೆ ಹಾಕಿದಂತೆ ಮೂಗಿನ ಸುತ್ತ ಗೆರೆ ಹಾಕಿದ್ದೀರಿ. ಪ್ರಿಂಟನ್ನು ಕಣ್ಣು ಕಿರಿದು ಮಾಡಿ ನೋಡಿ: ಮೂಗಿನ ಉಬ್ಬಿಗೂ ಆಚೆಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲ. ಎಡದಿಂದ ಬಂದ ಬೆಳಕಿನಲ್ಲಿ ಎರಡೂ ಒಂದಾಗಿ ಕರಗಿವೆ. ಮೂಗು ಕಾಣುವುದು ಈಚೆ ಬದಿಯ ನೆರಳಿನಿಂದ. ಆ ನೆರಳನ್ನಷ್ಟೇ ಬರೆಯಿರಿ.

ಓಲೆಗೂ ಕೊಕ್ಕೆ ಹಾಕಿದ್ದೀರಲ್ಲ! ವರ್ಮೀರ್ ಹಾಕಿಲ್ಲ. ಮೇಲೆ ಒಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಕಾಲರಿನ ಮಸುಕು ಪ್ರತಿಬಿಂಬ, ಅಷ್ಟೇ. ಉಳಿದದ್ದನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ.

ಕಾಮಾಲೆಗೆ ಮದ್ದು: ಈ ಮುಖವನ್ನು ಒಣಗಲು ಬಿಡಿ. ಇನ್ನೊಂದು ಕ್ಯಾನ್ವಾಸಿನಲ್ಲಿ ಮೊದಲು ಅಂಬರ್ ಕಂದು ಮತ್ತು ಬಿಳಿಯಲ್ಲಿ ಬೆಳಕು ನೆರಳನ್ನಷ್ಟೇ ಮುಗಿಸಿ. ಅದು ಒಣಗಿದ ಮೇಲೆ ತೆಳುವಾಗಿ ಬಣ್ಣ ಕೊಡಿ. ಹಳದಿಗೆ ಓಕರ್ ಎಂಬ ಮಣ್ಣಿನ ಹಳದಿ ಸಾಕು, ಡಬ್ಬಿಯ ನಿಂಬೆ ಹಳದಿ ಬೇಡ. ಟೈಟಾನಿಯಂ ಬಿಳಿ ಬಹಳ ಜೋರು, ಹಿಡಿತದಲ್ಲಿ ಬಳಸಿ. ವರ್ಮೀರ್ ಬಳಸಿದ್ದು ಸೀಸದ ಬಿಳಿ. ವಿಷ, ಅದರ ಗೊಡವೆ ಬೇಡ. ಹಿನ್ನೆಲೆಗೆ ಬರೀ ಕಪ್ಪು ಬಳಿಯಬೇಡಿ, ಅಲ್ಲಿ ಮೊದಲು ಹಸಿರು ಪರದೆಯೊಂದಿತ್ತು. ಆ ಹಸಿರಿಗೆ ಬಳಸಿದ ನೀಲಿ, ಹಳದಿ ಗಿಡದ ಬಣ್ಣಗಳು ಮಾಸಿ ಪರದೆ ಈಗ ಕಪ್ಪಾಗಿ ಕಾಣುತ್ತದೆ.

ಉತ್ತರ: ಕಿನ್ನಾಳದ ಮರದ ಗೊಂಬೆ ಕೆಲಸದವನು

ಟೀಚರ್, ಗೆರೆಯ ಮೇಲೆ ಇಷ್ಟು ಸಿಟ್ಟು ಬೇಡ. ನಮ್ಮ ಮನೆಯಲ್ಲಿ ಮರದ ದೇವರಿಗೆ ಬಣ್ಣವೆಲ್ಲ ಮುಗಿದ ಮೇಲೆ ಕಣ್ಣಿನ ಗೆರೆ ಎಳೆಯುವುದು. ಆ ಗೆರೆ ಬಿದ್ದಾಗಲೇ ಗೊಂಬೆ ದೇವರಾಗುವುದು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿಯ ಚಿತ್ರ ನೋಡಿ, ಮುಖಗಳೆಲ್ಲ ಗೆರೆಯ ಬಲದ ಮೇಲೆಯೇ ನಿಂತಿವೆ. ಅಲ್ಲಿ ಯಾವ ಕಿಟಕಿಯಿಂದ ಬೆಳಕು ಬಂತೆಂದು ಯಾರೂ ಕೇಳುವುದಿಲ್ಲ. ಅಣ್ಣ, ಈ ಹುಡುಗಿಯ ಮಟ್ಟಿಗೆ ಮಾತ್ರ ಗೆರೆಯ ಕುಂಚ ಮುಚ್ಚಿಡಿ, ಎಸೆಯಬೇಡಿ. ಪ್ರಿಂಟನ್ನೂ ನಿಮ್ಮ ಚಿತ್ರವನ್ನೂ ತಲೆಕೆಳಗು ಮಾಡಿ ನೋಡಿ. ಮೂಗೆಂಬುದು ಮರೆತು ನೆರಳಿನ ತುಂಡು ಕಾಣುತ್ತದೆ.

ಪ್ರಶ್ನೆ ಕೇಳಿದವನು, ಹದಿನೆಂಟು ದಿನದ ನಂತರ

ತಲೆಕೆಳಗು ಮಾಡಿದ್ದೇ ಮಾಡಿದ್ದು, ಮೂಗು ಎರಡು ಗಂಟೆಯಲ್ಲಿ ಬಂತು. ಆಚೆಯ ಗೆರೆಯನ್ನು ಹಳೆಯ ಬನಿಯನ್ ತುಂಡಿನಿಂದ ಒರೆಸುವಾಗ ಕೈ ನಡುಗಿತು. ಇಪ್ಪತ್ತೆಂಟು ವರ್ಷ ಗೆರೆ ನೆಟ್ಟಗಿದ್ದರೆ ತಾನೇ ಕೂಲಿ ಸಿಗುತ್ತಿದ್ದುದು. ಕೊಕ್ಕೆಯೂ ಹೋಯಿತು. ಕಾಮಾಲೆ ಇಳಿದಿದೆ, ಆದರೆ ರಾತ್ರಿಯಿಡೀ ನಿದ್ದೆಗೆಟ್ಟವಳ ಹಾಗಿದ್ದಾಳೆ ಎಂಬುದು ಮನೆಯವಳ ತೀರ್ಪು. ಕಣ್ಣ ಕೆಳಗೆ ಅಂಬರ್ ಹೆಚ್ಚಾಗಿರಬೇಕು, ಟೀಚರ್?

ತಲೆಯ ನೀಲಿ ಬಟ್ಟೆ ಬಾಕಿ ಇದೆ. ವರ್ಮೀರ್ ಅದಕ್ಕೆ ಕಲ್ಲು ಅರೆದ ಅಲ್ಟ್ರಾಮರೀನ್ ಬಳಸಿದ್ದನಂತೆ. ನನಗೆ ಟ್ಯೂಬಿನದೇ ಸಾಕು, ಆದರೆ ನಮ್ಮ ಅಂಗಡಿಯಲ್ಲಿ ಆ ಬಣ್ಣ ಮುಗಿದಿದೆ. ಈ ವಾರ ಹುಬ್ಬಳ್ಳಿಗೆ ಹೋಗುವವರಿದ್ದರೆ ತಿಳಿಸಿ, ದುಡ್ಡು ಮೊದಲೇ ಕೊಡುತ್ತೇನೆ.